ಗಾಳಿ ಸಾಲ್ತದೇನೋ?

ಆ ಟಿವಿ ಬಂದ್ ಮಾಡ್ರಿ, ಹೇಳ್ತೇನಿ. ಇದು ನಮ್ಮ ಕಾಕಾನ ಮಗ ಕುಣಾಲಗ ಆಗಿದ್ದು, ನಮ್ಮೂರು ಎಕಂಬಾದಾಗ, ಹೋದ ವರ್ಷ.

ಅವನ ಗೊರಕಿಗೆ ಓಣಿ ನಾಯಿ ಸೈತ ಜಾಗಾ ಬದಲಿ ಮಾಡ್ತಿದ್ದವು. ನಗಬ್ಯಾಡ್ರಿ, ನಿದ್ದಿಯೊಳಗ ಉಸುರು ನಿಲ್ಲೋ ಬ್ಯಾನಿ ಅದು. ಮೂಗಿಗೆ ಮಾಸ್ಕ್ ಕಟ್ಟಿ ಗಾಳಿ ಊದೋ ಮಷೀನ್ ಕೊಟ್ಟಿದ್ರು. ಆದ್ರೂ ಉಸುರು ನಿಲ್ತಿತ್ತು. ಬೀದರದ ಡಾಕ್ಟರು ನೋಡಿ ಹೇಳಿದ್ರು: "ನಿಂದು ಗಂಟಲಾ ಮುಚ್ಚೋದು, ಮಿದುಳು ಮರಿಯೋದು, ಎರಡೂ ಕೂಡಿದ ಬ್ಯಾನಿ. ಗಾಳಿ ಜೋರಾದ್ರ ನಿನ್ನ ಮಿದುಳು ಉಸುರು ತಗೊಳ್ಳೋದೇ ಮರೀತದ. ಪ್ರೆಶರ್ ಹನ್ನೆರಡರಿಂದ ಏಳಕ್ಕ ಇಳಿಸೇನಿ. ಏರಿಸಿದ್ರ ಜೀವಕ್ಕ ಧೋಕಾ."

ಆ ರಾತ್ರಿ ಮಷೀನ್ ಹೆಗಲಿಗೆ ಹಾಕ್ಕೊಂಡು ಕೊನೀ ಬಸ್ಸಿಗೆ ಇಳದ. ಹಳೇ ಭಾಂವಿ ದಾಟೂಮುಂದ ಸಪ್ಪಳ... ಗರ್ರ್... ಗರ್ರ್... ಕೈಲೆ ತಿರುಗಿಸೋ ಪಂಖಾದ್ದು.

ಆ ಭಾಂವಿ ಕತಿ ಊರಾಗ ಸಣ್ಣ ಹುಡುಗರಿಗೂ ಗೊತ್ತು. ಕಾಶೀರಾಮ ಅಂತ ಇದ್ದ, ತೀರಿಕೊಂಡು ಭಾಳ ವರ್ಷ ಆತು. ಹೂಳು ತೆಗೀಲಿಕ್ಕ ತಮ್ಮನ್ನ ಒಳಗ ಇಳಿಸಿ, ತಾ ಮ್ಯಾಲ ಪಂಖಾ ತಿರುಗಿಸಿ ಪೈಪಿನಾಗ ಗಾಳಿ ಬಿಡ್ತಿದ್ದ. ಗಾಳಿ ಸೋರಬಾರ್ದಂತ ಪೈಪಿನ ಸಂದಿಗೆ ಹಸಿ ಗೋಣಿಚಿಂದಿ ಸುತ್ತಿ ಹುರಿ ಕಟ್ಟಾಂವ. ಕೆಳಗಿದ್ದಾಂವ ಪೈಪ್ ಒಮ್ಮಿ ಜಗ್ಗಿದ್ರ 'ಇನ್ನೂ ಬೇಕು', ಎರಡು ಸಲ ಜಗ್ಗಿದ್ರ 'ಸಾಕು'. ಒಂದಿನ ಬೀಡಿ ಹಚ್ಚಲಿಕ್ಕ ಕೈ ಬಿಟ್ಟ. ಅಷ್ಟರಾಗ ತಮ್ಮ ಹೋದ. ಪಾಪ, ಕಾಶೀರಾಮ ಸಾಯೋತನಕ ಅಲ್ಲೇ ಕೂತು ಬರೇ ಕೈ ತಿರುಗಿಸ್ತಿದ್ದ.

ಭಾಂವಿ ಕಡಿಂದ ಪಿಸುಮಾತು ಬಂತು: "ಗಾಳಿ ಸಾಲ್ತದೇನೋ?"

ಯಾರೋ ಮಷೀನ್ ನೋಡಿ ಚಾಷ್ಟಿ ಮಾಡ್ಲತ್ತಾರ ಅಂದ್ಕೊಂಡು ಈ ಮಬ್ಬ ಸಿಟ್ಟಿಲೆ, "ಸಾಲವಲ್ದು! ಇನ್ನಷ್ಟು ಬಿಡು!" ಅಂದುಬಿಟ್ಟ. ತಿರುಗಿ ನೋಡಿದ್ರ... ಯಾರೂ ಇಲ್ಲ.

ಮನಿಗೆ ಬಂದು ಮಾಸ್ಕ್ ಕಟ್ಟಿಕೊಂಡು ಮಲಗಿದ. ಬಾಜೂಕ ಹೆಂಡ್ತಿ ಆಮ್ರಪಾಲಿ. ನಡುರಾತ್ರಿ ಎಚ್ಚರ ಆತು... ಮೈ ಅಳ್ಳಾಡವಲ್ದು. ಟಿಕ್... ಮಷೀನಿನ ಗುಂಡಿ ತಾನೇ ತಿರುಗಿತು. ಎಂಟು. ಟಿಕ್... ಒಂಬತ್ತು. ಹಿಂದಿಂದ ಗರ್ರ್... ಗರ್ರ್... ಗಾಳಿ ಸ್ಸ್ ಅಂತ ಮೂಗಿನಾಗ ನುಗ್ಗಲತ್ತು. ಎದಿ ತುಂಬೇದ, ಉಸುರು ಮಾತ್ರ ಆಡವಲ್ದು. ಕೂಗಲಿಕ್ಕ ಬಾಯಿ ತೆರದ್ರ ಬರೇ ಗಾಳಿ, ಮಾತಿಲ್ಲ. ಹೆಂಡ್ತಿ ಕೈ ಗೇಣು ದೂರ. ಮುಟ್ಟಲಿಕ್ಕ ಆಗವಲ್ದು. ಹನ್ನೊಂದು... ಹನ್ನೆರಡು... ತಾನೇ ಆ ಭಾಂವಿ ತಳದಾಗ ಬಿದ್ದೇನಿ, ಮ್ಯಾಲ ಯಾರೋ ಪ್ರೀತಿಲೇ ಕೊಲ್ಲಲತ್ತಾರ ಅನಸ್ತಂತ.

"ಸಾಲ್ತದೇನೋ, ತಮ್ಮಾ?"

ಆಗ ನೆನಪಾತು. ಹೆಂಗೋ ಬೆರಳಷ್ಟೇ ಸರಿಸಿದ, ಎದಿ ಮ್ಯಾಲಿದ್ದ ಮಾಸ್ಕಿನ ಪೈಪ್ ಸಿಕ್ಕಿತು. ಜಗ್ಗಿದ... ಒಮ್ಮಿ. ಕೈ ಸೋತು ಬಿತ್ತು.

ಟಿಕ್... ಹದಿಮೂರು.

ಇದ್ದಬಿದ್ದ ಜೀವ ಬೆರಳಿಗೆ ತಂದು ಮತ್ತ ಜಗ್ಗಿದ. ಒಮ್ಮಿ... ಇನ್ನೊಮ್ಮಿ.

ಗರ್ರ್ ಸಪ್ಪಳ ನಿಂತಿತು. ತಲಿ ಹಿಂದ ಯಾರೋ ಹಗೂರಕ ಉಸುರು ಬಿಟ್ರು. ಟಿಕ್, ಟಿಕ್, ಟಿಕ್... ಏಳು.

ಮುಂಜಾನಿ ಆಮ್ರಪಾಲಿ ನನ್ನ ಕರದಳು. ಮಷೀನಿಗೆ ಪೈಪ್ ಕೂಡೋ ಸಂದಿಗೆ ಗೋಣಿಚಿಂದಿ ಸುತ್ತಿ, ಬಿಗೀ ಹುರಿ ಕಟ್ಟಿತ್ತು. ಈ ಕೈಲೇ ಬಿಚ್ಚೇನ್ರಿ ನಾ. ನಂಬ್ರಿ, ಬಿಡ್ರಿ...

ಚಿಂದಿ ಇನ್ನೂ ಹಸೀ ಇತ್ತು.