ಕಳವಾಗದ ಸೈಕಲ್ಲಿನ ಬಗ್ಗೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಇಪ್ಪತ್ತೇಳು, ವಿಜ್ಞಾನ ಪದವೀಧರೆ, ಸದ್ಯ ಮನೆವಾರ್ತೆ, ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎರಡನೇ ಮಹಡಿಯ ವಾಸಿ, ಈ ಮೂಲಕ ತಿಳಿಸುವುದೇನೆಂದರೆ:

ಐದು ತಿಂಗಳ ಹಿಂದೆ ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ತೂಕ ಒಂದು ಕಿಲೋ ಒಂಬೈನೂರು ಗ್ರಾಂ. ಅವಳ ಉಸಿರು ನೋಡುತ್ತಾ ನಾನು ನಿದ್ದೆಗೆಟ್ಟಿದ್ದೆ. ಮಾವನವರು ಹಿಂದೆ ಸೈಕಲ್ ರೇಸಿಗೆ ಹೋಗುತ್ತಿದ್ದವರು. ಅವರು ತಮ್ಮ ಹಳೆಯ ರೇಸ್ ಸೈಕಲ್ಲಿನ ಚಕ್ರ, ಪೆಡಲು ಎಲ್ಲ ಬಿಚ್ಚಿ, ಬರೀ ಉಕ್ಕಿನ ಫ್ರೇಮನ್ನು ಕೊಕ್ಕೆ ತಕ್ಕಡಿಗೆ ತೂಗುಹಾಕಿ, ಇದೂ ಅಷ್ಟೇ ತೂಕ, ಕೊಳವೆ ಉಗುರಿನಷ್ಟು ತೆಳು, ಆದರೂ ನಲವತ್ತು ವರ್ಷದಿಂದ ನನ್ನನ್ನು ಹೊತ್ತಿದೆ, ಹಗುರ ಎಂದರೆ ಅಲ್ಪಾಯುಸ್ಸಲ್ಲ ಎಂದರು. ಅಂದು ನಾನು ನಿದ್ದೆ ಮಾಡಿದೆ.

ಕಳೆದ ಸೋಮವಾರ ಬೆಳಿಗ್ಗೆ ಏಳಕ್ಕೆ, ಮತ್ತೆ ಜೋಡಿಸಿ ಹಜಾರದಲ್ಲಿ ಇಟ್ಟಿದ್ದ ಆ ಸೈಕಲ್ ಇರಲಿಲ್ಲ. ಯಾರೋ ಹೊತ್ತೊಯ್ದಿರಬೇಕು, ಹೋದರೆ ಹೋಗಲಿ ಬಿಡು ಎಂದು ಮಾವನವರು ಹೇಳಿದರು. ನನ್ನಿಂದ ಬಿಡಲಾಗಲಿಲ್ಲ. ಮಗುವನ್ನು ಅವರ ಕೈಗೆ ಕೊಟ್ಟು ಇದೇ ಠಾಣೆಗೆ ಬಂದು ಕಳವಿನ ದೂರು ಬರೆಸಿದೆ.

ಇಂದು ಮಧ್ಯಾಹ್ನ ಪೇದೆಯವರು ಮನೆಗೆ ಬಂದು, ಸೈಕಲ್ ಅರ್ಧ ಕಿಲೋಮೀಟರ್ ದೂರದ ಬೆಸುಗೆ ಅಂಗಡಿಯಲ್ಲಿ ಸಿಕ್ಕಿದೆ, ಅಂಗಡಿಯವರನ್ನು ಠಾಣೆಯಲ್ಲಿ ಕೂರಿಸಿದ್ದೇವೆ ಎಂದು ತಿಳಿಸಿದರು. ಮಾವನವರು ಚಪ್ಪಲಿಯನ್ನೂ ಮೆಟ್ಟದೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಜೊತೆ ಹೊರಟರು. ಅವರನ್ನು ಕಂಡೊಡನೆ ಬೆಸುಗೆ ಅಂಗಡಿಯವರು, ಯಜಮಾನರೇ, ಬಾಯಿ ಬಿಡಬೇಡ ಅಂತ ಆಣೆ ಮಾಡಿಸಿಕೊಂಡಿರಿ, ಈಗ ಬಿಡಲೋ ಬೇಡವೋ ನೀವೇ ಹೇಳಿ ಎಂದರು.

ಆಗ ನಿಜ ಹೊರಬಂತು: ಹಿಂದಿನ ದಿನ, ಭಾನುವಾರ, ಮಾವನವರು ದಿಣ್ಣೆ ಹತ್ತುವಾಗ ಫ್ರೇಮಿನ ಕೊಳವೆ ಸೀಳಿತ್ತು. ಮಾವನವರೇ ಅದನ್ನು ಗುಟ್ಟಾಗಿ ಅಲ್ಲಿಗೆ ಕೊಟ್ಟಿದ್ದರು. ದಪ್ಪ ಕೊಳವೆ ಹಾಕಿದರೆ ಇನ್ನೂರು ಗ್ರಾಂ ಏರುತ್ತದೆ, ಆದರೆ ಮೊಮ್ಮಗಳ ಕಾಲಕ್ಕೂ ಬಾಳುತ್ತದೆ ಎಂದು ಅಂಗಡಿಯವರು ಎಷ್ಟು ಹೇಳಿದರೂ ಕೇಳದೆ, ಒಂದು ಕಿಲೋ ಒಂಬೈನೂರೇ ಇರಬೇಕು, ತೆಳು ಕೊಳವೆಯನ್ನೇ ಹುಡುಕು ಎಂದು ಹಠ ಹಿಡಿದಿದ್ದರಂತೆ.

ಏಕೆಂದು ನಾನು ಮಾವನವರನ್ನು ಕೇಳಿದೆ.

"ಸೀಳಿದ್ದು ಗೊತ್ತಾದ್ರೆ ನೀನು ಮತ್ತೆ ಉಸಿರು ಎಣಿಸ್ತಾ ಕೂರ್ತೀಯಲ್ಲಮ್ಮ" ಎಂದರು.

"ನಾನು ಅವತ್ತು ಮಲಗಿದ್ದು ಸೈಕಲ್ ನಂಬ್ಕೊಂಡಲ್ಲ ಮಾವ. ನೀವು ಮಗು ಪಕ್ಕ ಕೂತಿದ್ರಿ, ಅದಕ್ಕೆ" ಎಂದು ನಾನು ಹೇಳಿದೆ.

ಆದ್ದರಿಂದ ನನ್ನ ದೂರನ್ನು ಹಿಂಪಡೆಯುತ್ತೇನೆ. ಸುಳ್ಳು ಹೇಳಿದ್ದಕ್ಕೆ ಮಾವನವರ ಮೇಲೆ ಯಾವ ಕ್ರಮವೂ ಬೇಡ. ಬೆಸುಗೆ ಅಂಗಡಿಯವರನ್ನು ಈಗಲೇ ಕಳಿಸಿಕೊಡಬೇಕು. ದಪ್ಪ ಕೊಳವೆಯನ್ನೇ ಹಾಕಲು ಅವರಿಗೆ ತಿಳಿಸಿದ್ದೇನೆ, ಮಾವನವರು ಒಪ್ಪಿದ್ದಾರೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಠಾಣೆ
ದಿನ: ಬುಧವಾರ, ಸಂಜೆ ನಾಲ್ಕು
(ಸಹಿ)