ತತ್ತಿಯ ಕಾಲದಲ್ಲಿ ದೋಣಿ

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂಡಿ, ಸಿಂದಗಿ ಕಡೆಯಿಂದ ಇಂಥ ಬಿಸಿಲಲ್ಲೂ ಬಂದಿರುವ ಸಭಿಕರೇ, ಅಗರಖೇಡದ ಸುವರ್ಣಾ ಎಂಬ ನಾನು ನಿಮಗೆಲ್ಲ ಕೈಮುಗಿಯುತ್ತೇನೆ.

ಪಕ್ಷಿ ಪ್ರವಾಸ ನಡೆಸಿ ಪಕ್ಷಿಗಳನ್ನು ಉಳಿಸಿದವಳು ಎಂದು ಈಗಷ್ಟೇ ಶಾಲು ಹೊದಿಸಿದಿರಿ. ಉಳಿಸಿದೆನೇ? ನನಗೇ ಸಂಶಯ. ಸಂಶಯ ನಮ್ಮ ಮನೆಯ ಗುಣ. ಮೊದಲ ಸಲ ಅತಿಥಿಗಳು ಬಂದಾಗ ನಮ್ಮತ್ತೆ ಹನಮವ್ವ, "ಹಕ್ಕಿ ನೋಡಾಕ ಯಾರರ ರೊಕ್ಕ ಕೊಡ್ತಾರೇನ? ಹೊಲ ಅಳ್ಯಾಕ ಬಂದಾರ, ನೋಡ್ಕೋತ ಇರು" ಎಂದು ರೊಟ್ಟಿ ಬಡಿಯುವುದನ್ನೂ ಬಿಟ್ಟು ಅವರ ಹಿಂದೆಯೇ ತಿರುಗಿದ್ದರು.

ಅವರು ಬಂದದ್ದು ಭೀಮಾ ನದಿಯ ನಡುಗಡ್ಡೆಯಲ್ಲಿ ತತ್ತಿಯಿಡುವ ರೀವ ಎಂಬ ನೀರುಹಕ್ಕಿಗಳನ್ನು ನೋಡಲು. ಗೂಡಿಲ್ಲ, ಬರೀ ಮರಳ ಮೇಲೆ ತತ್ತಿ. ಅದಕ್ಕೇ ದಂಡೆಯಿಂದಲೇ ನೋಡಬೇಕು, ನಡುಗಡ್ಡೆಗೆ ಕಾಲಿಡಬಾರದು ಎಂಬುದು ನಮ್ಮ ನಿಯಮ. ದಂಡೆಗೆ ಅತಿಥಿಗಳ ಕ್ಯಾಮೆರಾಗಳು ಬಂದ ಮೇಲೆ ಕದ್ದು ಮರಳು ತುಂಬುವ ಟ್ರ್ಯಾಕ್ಟರ್‌ಗಳು ಆ ಕಡೆ ಸುಳಿಯಲಿಲ್ಲ. ಅತಿಥಿಗಳು ಕೊಟ್ಟ ಹಣದಲ್ಲಿ ನಮ್ಮ ಸಂಘದ ಹೆಣ್ಣುಮಕ್ಕಳು ನಾಯಿ ಓಡಿಸುತ್ತ ಕಾವಲು ಕುಳಿತರು. ಇಷ್ಟು ಹೇಳಿ ಇಳಿದುಬಿಡಬೇಕು ಅಂದುಕೊಂಡಿದ್ದೆ.

ಆದರೆ ಕಳೆದ ಬೇಸಿಗೆಯಲ್ಲಿ ಒಬ್ಬ ಅತಿಥಿ ಬಂದರು. ಬಹಳ ವಿನಯವಂತರು, ರೊಟ್ಟಿಯ ಜೊತೆ ಬಡಿಸಿದ ನನ್ನ ಶೇಂಗಾ ಹಿಂಡಿಯನ್ನು ಹೊಗಳಿದವರು. ಊಟಕ್ಕೆ ಕೂತಾಗ ಒಂದು ಫೋಟೊ ತೋರಿಸಿದರು. ತತ್ತಿಯ ಮೇಲಿನ ಚುಕ್ಕೆಗಳನ್ನೂ ಎಣಿಸಬಹುದಿತ್ತು.

"ದಂಡೀ ಮ್ಯಾಲಿಂದ ತಗದ್ರೇನ್ರಿ?" ಎಂದೆ.

"ಲೆನ್ಸ್ ದೊಡ್ಡದು, ಅಕ್ಕಾ" ಎಂದು ನಕ್ಕರು.

ಫೋಟೊದ ಮೂಲೆಯಲ್ಲಿ, ಮರಳ ಮೇಲೆ, ರುಮಾಲು ಸುತ್ತಿದವರೊಬ್ಬರ ನೆರಳು ಬಿದ್ದಿತ್ತು. ಊರಿನಲ್ಲಿ ದೋಣಿ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಅದನ್ನು ನಡೆಸುವವರು ನಮ್ಮ ಯಜಮಾನರು.

ಕಾವಲಿನವರು ಊಟಕ್ಕೆ ಹೋದ ಸುಡುಮಧ್ಯಾಹ್ನದಲ್ಲಿ ಮನುಷ್ಯರು ಹತ್ತಿರ ನಿಂತರೆ ತಾಯಿ ಹಕ್ಕಿ ಎದ್ದು ಹಾರುತ್ತದೆ, ನೆರಳಿಲ್ಲದೆ ತತ್ತಿ ಒಳಗೇ ಬೇಯುತ್ತದೆ. ಫೋಟೊದಲ್ಲಿದ್ದ ಆ ತತ್ತಿಗಳು ಒಡೆದು ಮರಿ ಬರಲಿಲ್ಲ. ತಾಯಿ ಮಾತ್ರ ಅವುಗಳ ಮೇಲೆ ಕೂತೇ ಇತ್ತು. ನಾನು ದಿನಾ ದುರ್ಬೀನು ಹಿಡಿದು ನೋಡುತ್ತಿದ್ದೆ.

ಯಜಮಾನರನ್ನು ಕೇಳಿದೆ. "ಊರಾಗ ರುಮಾಲು ನಂದೊಂದ ಐತೇನು?" ಎಂದರು. ಇವತ್ತಿಗೂ ಅದೇ ಉತ್ತರ. ಅಗೋ, ಮೂರನೆಯ ಸಾಲಿನಲ್ಲಿ ಇಂದು ಬರಿತಲೆಯಲ್ಲಿ ಕೂತಿದ್ದಾರೆ. ನಗಬೇಡಿ. ಇದನ್ನು ಹೇಳಬಾರದೆಂದೇ ಮನೆಯಿಂದ ಹೊರಟಿದ್ದೆ.

ಈ ವರ್ಷ ಹಕ್ಕಿಗಳು ತತ್ತಿಯಿಟ್ಟ ದಿನವೇ ದೋಣಿಗೆ ಸರಪಳಿ ಬಿಗಿದು ಬೀಗ ಹಾಕಿದೆ. ಕೆಲವು ಅತಿಥಿಗಳು ಮುನಿಸಿಕೊಂಡು ಹೋದರು. ಹೋಗಲಿ. ಮರಿಗಳಾಗಿವೆ, ಹಾರಲು ಇನ್ನೂ ಬಾರದು. ಕಾರ್ಯಕ್ರಮ ಮುಗಿದ ಮೇಲೆ ಗಣ್ಯರೆಲ್ಲ ನಡುಗಡ್ಡೆಗೇ ಹೋಗಿ ಒಂದು ಫೋಟೊ ತೆಗೆಸಿಕೊಳ್ಳುವ ಮಾತು ಈ ವೇದಿಕೆಯಲ್ಲೇ ನನ್ನ ಕಿವಿಗೆ ಬಿತ್ತು. ಈಗ ಸಂಘಟಕರೊಬ್ಬರು ನಮ್ಮ ಯಜಮಾನರ ಪಕ್ಕ ಕೂತು ಪಿಸುಗುಡುವುದೂ ಕಾಣುತ್ತಿದೆ. ಯಜಮಾನರು ಏಳುತ್ತಿದ್ದಾರೆ.

ರೀ, ಎಲ್ಲಿಗೆ ಹೊಂಟ್ರಿ? ಕೂಡ್ರಿ. ಕೀಲಿ ನನ್ನ ಸೊಂಟದಾಗ ಐತಿ.

ಹಿರಿಯರೇ, ದಂಡೆಗೆ ಬನ್ನಿ. ದುರ್ಬೀನು ಕೊಡುತ್ತೇನೆ, ಚಹಾ ಕೊಡುತ್ತೇನೆ. ಹೊದಿಸಿದ ಶಾಲಿಗೂ ಇಷ್ಟು ಹೊತ್ತು ಕೇಳಿಸಿಕೊಂಡ ನಿಮ್ಮ ತಾಳ್ಮೆಗೂ ನಾನು ಋಣಿ. ನಮಸ್ಕಾರ.