ಗೋಡೆಗೆ ಮುಖ ಮಾಡಿದ ಪುಟ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಬೆಳಗಿನ ಹಾಲು ಹಾಕಿ ನೇರ ಇಲ್ಲಿಗೇ ಬಂದಿರುವ ಸಭಿಕರೇ,

ನಮ್ಮ ಹಾಲು ಸಂಘದ ಈ ವರ್ಷದ ಮೇವಿನ ಬೆಳೆ ಬಹುಮಾನವನ್ನು ನನಗೆ ಕೊಡುತ್ತಿದ್ದೀರಿ. ಪಕ್ಕದ ಹೊಲದ ಜೋಳದ ಮೇವಿಗಿಂತ ನನ್ನದು ಎರಡರಷ್ಟು ತೂಗಿತು, ನಿಜ. ಆದರೆ ಆ ಮೇವನ್ನು ತಿಂದ ಹಸು ಏನಾಯಿತೆಂದು ಯಾರಾದರೂ ಕೇಳಿದಿರಾ?

ಕಳೆದ ವರ್ಷ ಇದೇ ಸಭೆಯಲ್ಲಿ ಎದ್ದು ನಿಂತು, "ಹಿರಿಯರ ಅಜ್ಞಾನವೇ ನಮ್ಮ ದನಗಳ ಹಸಿವು!" ಎಂದು ಕೂಗಿದವನು ನಾನೇ. ನೀವು ಚಪ್ಪಾಳೆ ತಟ್ಟಿದ್ದಿರಿ. ನನ್ನ ಓದೆಲ್ಲ ಕರಪತ್ರದ ಓದು. ಸಾರಜನಕ ಕೊಟ್ಟರೆ ಮೇವು ಹೆಚ್ಚುತ್ತದೆ, ಅದರಲ್ಲಿ ಪ್ರೋಟೀನೂ ಹೆಚ್ಚುತ್ತದೆ ಎಂದು ಒಂದು ಹಾಳೆಯಲ್ಲಿತ್ತು. ಸುಳ್ಳಲ್ಲ. ಅದನ್ನು ಚಿಕ್ಕಮ್ಮನ ಕೊಟ್ಟಿಗೆಯ ಗೋಡೆಗೆ ಗೋಂದು ಬಳಿದು ಅಂಟಿಸಿದೆ. ಅವರು ಓದಲಿ ಎಂದು! ಒಂದೇ ಹಸುವಿನ ಹಾಲಿನಲ್ಲಿ ನನ್ನನ್ನು ಸಾಕಿದವರು ಅವರು.

ಸಾರಜನಕಕ್ಕೆಂದು ಯೂರಿಯಾವನ್ನು ಮೊದಲು ಹಾಳೆಯಲ್ಲಿ ಹೇಳಿದಷ್ಟೇ ಹಾಕಿದೆ. ಸ್ಪರ್ಧೆಗೆ ಹತ್ತು ದಿನವಿರುವಾಗ, ತೂಕ ಇನ್ನಷ್ಟು ಬರಲಿ ಎಂದು ಮತ್ತೊಂದು ಮೂಟೆ ಸುರಿದೆ. ಮಳೆ ಕೈಕೊಟ್ಟಿತ್ತು. ಎಲೆ ಮಾತ್ರ ಕಡು ಹಸಿರು. ತೂಕ ಮುಗಿದ ಮೇಲೆ ಒಂದು ಹೊರೆ ತಂದು ಚಿಕ್ಕಮ್ಮನ ಹಸುವಿನ ಮುಂದೆ ಹಾಕಿದೆ. ಅದು ಮೂಸಿ, ಮುಖ ತಿರುಗಿಸಿತು.

"ಬೇಡ ಅಂತಿದೆ ಕಣೋ, ಬಿಟ್ಟುಬಿಡು," ಎಂದರು ಚಿಕ್ಕಮ್ಮ.

"ಪ್ರೋಟೀನ್ ಇದೆ ಚಿಕ್ಕಮ್ಮ. ಗೋಡೆ ನೋಡಿ!"

"ನಾನೇನೋ ನೋಡ್ತೀನಪ್ಪಾ. ಹಸುಗೆ ಓದಕ್ಕೆ ಬರಲ್ವಲ್ಲ."

ನಗಿ, ಆಗ ನಾನೂ ನಕ್ಕೆ. ನಕ್ಕು, ಬೆಲ್ಲದ ನೀರು ಚಿಮುಕಿಸಿ, ಈ ಕೈಯಿಂದಲೇ ತಿನ್ನಿಸಿದೆ. ಮಧ್ಯಾಹ್ನದ ಹೊತ್ತಿಗೆ ಏದುಸಿರು, ತೂರಾಟ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ರಕ್ತ ತೆಗೆದು ತೋರಿಸಿದರು. ಕೆಂಪಲ್ಲ, ಕಂದು. "ಮೇವಿನಲ್ಲಿ ನೈಟ್ರೇಟ್ ತುಂಬಿ ವಿಷವಾಗಿದೆ. ಗೊಬ್ಬರ ಯಾವಾಗ ಹಾಕಿದ್ರಿ?"

ಒದ್ದೆ ಬಟ್ಟೆ ಒತ್ತಿ ಗೋಡೆಯ ಹಾಳೆಯನ್ನು ಬಿಡಿಸಿದೆ. ಹಿಂಬದಿಯಲ್ಲೂ ಅಚ್ಚಾಗಿತ್ತು. ಎಚ್ಚರಿಕೆಯೆಲ್ಲ ಅಲ್ಲಿತ್ತು, ಗೋಡೆಗೆ ಮುಖ ಮಾಡಿಕೊಂಡು. ಅಜ್ಞಾನ ಯಾರದು ಸಭಿಕರೇ?

ಚಿಕ್ಕಮ್ಮ ಇದುವರೆಗೆ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇವತ್ತು ಇಲ್ಲಿಗೆ ಕರೆದರೆ, "ಕೊಟ್ಟಿಗೆ ಗುಡಿಸ್ಬೇಕು, ನೀನು ಹೋಗಿ ಬಾ" ಎಂದರು. ಖಾಲಿ ಕೊಟ್ಟಿಗೆ.

ಅಧ್ಯಕ್ಷರೇ, ಆ ಫಲಕ ಮೇಜಿನ ಮೇಲೆಯೇ ಇರಲಿ. ನನ್ನ ಇಳುವರಿಯನ್ನು ಹೊಗಳಿ ಅಚ್ಚು ಹಾಕಿಸಿದ ಹಾಳೆಯನ್ನು ಬಾಗಿಲಲ್ಲಿ ಎಲ್ಲರಿಗೂ ಕೊಟ್ಟಿದ್ದೀರಿ. ಅದರ ಹಿಂಬದಿ ಖಾಲಿಯಿದೆ. ಪೆನ್ನಿದ್ದವರು ದಯವಿಟ್ಟು ತೆಗೆಯಿರಿ. ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ: "ಹೊಸದಾಗಿ ಯೂರಿಯಾ ಹಾಕಿದ, ಮಳೆ ಕಾಣದ ಹಸಿ ಮೇವನ್ನು ದನಕ್ಕೆ ಹಾಕಬೇಡಿ."

ಬರೆದಾಯಿತೇ? ಈ ಮಗ್ಗುಲು ಕಾಣುವಂತೆ ಅಂಟಿಸುವವರಿಗೆಲ್ಲ ನಾನು ಋಣಿ. ನಮಸ್ಕಾರ.